ಇನ್ಸುಲಿನ್ ಡಬ್ಬಿಯಲ್ಲಿಟ್ಟ ಹುಳ

ಆ ಹುಳವನ್ನು ಐಸ್ ಡಬ್ಬಿಯಲ್ಲಿಟ್ಟವನು ನಾನು. ಈರಣ್ಣನವರಲ್ಲ.

ಏಳು ವರ್ಷದಿಂದ ನಮ್ಮ ಫೋಟೋ ಗುಂಪಿನವರೆಲ್ಲ ಇದನ್ನು ಅದಲುಬದಲಾಗಿ ನಂಬಿಕೊಂಡಿದ್ದಾರೆ. ಹಾಗೆ ನಂಬಿಸಿದವನೂ ನಾನೇ. ಬಾಯಿಂದ ಒಂದು ಸುಳ್ಳನ್ನೂ ಆಡದೆ ನಂಬಿಸಿದೆ — ಈಗ ನನ್ನನ್ನು ಹೆಚ್ಚು ದಣಿಸುವುದು ಅದೇ. ಸುಳ್ಳಾಡಿದ್ದರೆ ಸುಳ್ಳೆಂದು ಹೇಳಿ ವಾಪಸು ತೆಗೆದುಕೊಳ್ಳಬಹುದಿತ್ತು. ನಾನು ಆಡಿದ್ದು ನಿಜದ ಒಂದು ತುಂಡು. ಅದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ?

ಈ ವರ್ಷದ ಸ್ಮರಣ ಸಂಚಿಕೆಗೆ ಗೋಪಾಲಪ್ಪ ಮೇಷ್ಟ್ರು ನನ್ನಿಂದ ಕೇಳಿದ್ದು ಇದಲ್ಲ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತರಾದ ಅವರು ನಮ್ಮ ಗುಂಪಿನ ಕಾರ್ಯದರ್ಶಿ. ಒಂದು ಸಂಜೆ ಅಂಗಡಿಗೆ ಬಂದು, "ಸೊಣ್ಣಪ್ಪ, ಮಳೆಕಾಡಲ್ಲಿ ಬೆಳಕಿಲ್ದಿದ್ದಾಗ ಬಣ್ಣದ ಉಳಗಳ್ನ ಅತ್ರದಿಂದ ಎಂಗೆ ತೆಗೀಬೇಕು ಅಂತ ನಾಕು ಪುಟ ಬರ್ಕೊಡಪ್ಪ. ಬುದ್ಧಿ ಯೋಳೋದು ಅಂದ್ರೆ ನಿಂಗೆ ಬಾಡೂಟ ಇದ್ದಂಗಲ್ವಾ?" ಎಂದರು.

ಬುದ್ಧಿ ಹೇಳುವುದು ನನಗೆ ಇಷ್ಟ, ಒಪ್ಪುತ್ತೇನೆ. ಮದುವೆ ಮನೆಗಳಲ್ಲಿ ವಿಡಿಯೋದವರ ಹಿಂದೆ ಲೈಟು ಹಿಡಿದು ನಿಂತವನು ನಾನು. ಹಳೇ ಕ್ಯಾಮರಾ ಕೊಂಡು, ಒರೆಸಿ, ರಿಪೇರಿ ಮಾಡಿಸಿ ಮಾರುತ್ತ ಮಾರುತ್ತ ಬಂಗಾರಪೇಟೆ ಸ್ಟೇಷನ್ ರಸ್ತೆಯಲ್ಲಿ ಅಂಗಡಿ ಮಾಡಿದವನು. ಯಾರೂ ನನಗೆ ಪುಕ್ಕಟೆ ಬುದ್ಧಿ ಹೇಳಲಿಲ್ಲ. ಅದಕ್ಕೋ ಏನೋ, ಅಂಗಡಿಗೆ ಬಂದವರಿಗೆಲ್ಲ ನಾನು ಪುಕ್ಕಟೆಯಾಗಿ ಹೇಳುತ್ತೇನೆ. ಮೇಷ್ಟ್ರಿಗೆ ಆಗಲಿ ಎಂದೆ. ಕೂತು ಬರೆಯಲು ಶುರುಮಾಡಿದೆ. ಮೊದಲ ಪುಟ ಸಲೀಸಾಗಿ ಬಂತು. ಅದನ್ನು ಇಲ್ಲೇ ಇಡುತ್ತೇನೆ. ಉಪಯೋಗಕ್ಕೆ ಬರುವವರಿಗೆ ಬರಲಿ.

ನಮ್ಮ ಕೋಲಾರದ ಕಡೆಯ ಬೆಳಕಿಗೆ ಪಳಗಿದ ಕೈ ಮಳೆಕಾಡಿನಲ್ಲಿ ಕೆಲಸಕ್ಕೆ ಬಾರದು. ಇಲ್ಲಿ ಕೆಜಿಎಫ್ ಕೋರಮಂಡಲಿನ, ಚಿನ್ನ ತೆಗೆದುಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಮೇಲೆ ಬಿದ್ದ ಬಿಸಿಲಿಗೆ ಕಣ್ಣು ತೆರೆಯಲಾಗುವುದಿಲ್ಲ. ಅಲ್ಲಿ ಮಧ್ಯಾಹ್ನ ಹನ್ನೆರಡಕ್ಕೇ ಸಂಜೆಯ ಹಾಗೆ. ಹುಳದ ಹತ್ತಿರ ಹೋದಷ್ಟೂ ಅದರ ಮೂತಿ ಸ್ಪಷ್ಟವಾಗಿ ಬೆನ್ನು ಮಸುಕಾಗುತ್ತದೆ. ಎರಡೂ ಬೇಕೆಂದರೆ ಲೆನ್ಸಿನ ಕಿಂಡಿಯನ್ನು ಕಿರಿದು ಮಾಡಬೇಕು. ಕಿರಿದು ಮಾಡಿದರೆ ಇರುವ ಚೂರು ಬೆಳಕೂ ಒಳಗೆ ಬರುವುದಿಲ್ಲ. ಆಗ ಶಟರ್ ಹೆಚ್ಚು ಹೊತ್ತು ತೆರೆದಿರಬೇಕು. ಅಷ್ಟು ಹೊತ್ತು ಹುಳ ಕದಲಬಾರದು, ಎಲೆ ಅಲುಗಬಾರದು, ನೀವು ಉಸಿರಾಡಬಾರದು. ಐಎಸ್‌ಒ — ಕ್ಯಾಮರಾ ಬೆಳಕು ಹಿಡಿಯುವ ಚುರುಕು — ಏರಿಸಿದರೆ ಚಿತ್ರದ ಮೇಲೆ ರವೆ ಚೆಲ್ಲಿದ ಹಾಗೆ. ನೇರ ಫ್ಲ್ಯಾಶ್ ಹೊಡೆದರೆ ಹೊಳೆಯುವ ಬೆನ್ನಿನ ಮೇಲೆ ಸುಣ್ಣದ ಬೊಟ್ಟು. ಹಾಗಾಗಿ ಸಣ್ಣ ಟಾರ್ಚಿಗೆ ಹಳೇ ಪಂಚೆಯ ಬಟ್ಟೆಯನ್ನು ಎರಡು ಮಡಿಕೆ ಕಟ್ಟಿ, ಪಕ್ಕದಿಂದ ಹಿಡಿಯಿರಿ. ಹೊಕ್ಕುಳವನ್ನು ನೆಲಕ್ಕೆ ಒತ್ತಿ ಮಲಗಿ. ಉಸಿರು ಪೂರ್ತಿ ಹೊರಗೆ ಹೋದ ಮೇಲೆ ಗುಂಡಿ ಒತ್ತಿ. ಎಲ್ಲಕ್ಕಿಂತ ಹೆಚ್ಚಾಗಿ, ಬೆಳಕು ಹರಿಯುವ ಮುಂಚೆ ಎದ್ದು ಹೋಗಿ. ಆ ಹೊತ್ತಿನಲ್ಲಿ ಹುಳಕ್ಕೆ ತಾನಾಗಿಯೇ ಚಳಿ ಹಿಡಿದಿರುತ್ತದೆ, ರೆಕ್ಕೆ ಬಿಚ್ಚುವ ಶಕ್ತಿ ಇರುವುದಿಲ್ಲ —

ಅಲ್ಲಿಗೆ ಪೆನ್ನು ನಿಂತಿತು. ಏಕೆಂದರೆ ಇದರಲ್ಲಿ ಒಂದು ಮಾತೂ ನನ್ನದಲ್ಲ. ಪಂಚೆಯ ಬಟ್ಟೆ, ಹೊಕ್ಕುಳ, ಉಸಿರು, ಬೆಳಗಿನ ಚಳಿ — ಎಲ್ಲವೂ ಈರಣ್ಣನವರು ಹೇಳಿಕೊಟ್ಟದ್ದು. ಏಳು ವರ್ಷದಿಂದ ಅವರ ಬುದ್ಧಿಯನ್ನು ನನ್ನದೆಂದು ಹಂಚುತ್ತಿದ್ದೇನೆ. ಅವರ ಹೆಸರು ಮಾತ್ರ ಹೇಳುವ ಹಾಗಿರಲಿಲ್ಲ.

ಈರಣ್ಣನವರು ಗದಗದ ಕಡೆಯವರು. ಕೆಜಿಎಫ್‌ನ ಕಾರ್ಖಾನೆಯಲ್ಲಿ ಲೇಥ್ ಯಂತ್ರದ ಮೇಲೆ ಇಪ್ಪತ್ತೆಂಟು ವರ್ಷ ದುಡಿದವರು. ನನಗಿಂತ ಹತ್ತು ವರ್ಷ ದೊಡ್ಡವರು, ಆದರೂ ಬಹುವಚನ ಬಿಟ್ಟು ಮಾತಾಡಿಸಿದವರಲ್ಲ. ಮೊದಲ ಸಲ ಅಂಗಡಿಗೆ ಬಂದು, ಸಣ್ಣದ್ದನ್ನು ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಕೈಗೆ ತೆಗೆದುಕೊಂಡಾಗ ನಾನು ಎಂದಿನಂತೆ, "ಇದು ತಕ್ಕೊಳಿ ಸಾರ್, ಮದುವೆ ಒಡವೆ ಎಲ್ಲಾ ಎಂಗ್ ಬರ್ತದೆ ಅಂತೀರಾ!" ಎಂದೆ. ಅವರು ನಕ್ಕು, "ಒಡವಿ ಬ್ಯಾಡ್ರೀ, ನನಗ ಹುಳ ನೋಡಬೇಕಾಗೈತಿ" ಎಂದರು. ಹಾಗೆ ಶುರುವಾದದ್ದು. ರಜೆ ಸಿಕ್ಕಿದಾಗಲೆಲ್ಲ ಘಟ್ಟದ ಕಾಡಿಗೆ ಹೋಗುವ ಆರೇಳು ಜನರ ಗುಂಪಿಗೆ ಅವರೇ ನನ್ನನ್ನು ಸೇರಿಸಿದರು.

ಗುಂಪಿನಲ್ಲಿ ಒಂದು ಕಟ್ಟಳೆ ಇದೆ, ಹೊಸಬರಿಗಾಗಿ ಹೇಳುತ್ತೇನೆ. ಮೇಷ್ಟ್ರ ತಂದೆ ಕೆಜಿಎಫ್ ನಂದಿದುರ್ಗದ ಚಿನ್ನದ ಗಣಿಯಲ್ಲಿದ್ದವರು. ಅವರ ಕಾಲದಲ್ಲಿ ಇಬ್ಬಿಬ್ಬರಾಗಿ ಕೆಳಗಿಳಿದು ಮೇಲೆ ಬಂದಾಗ, ನಾನು ಬಂದೆ ಎಂದು ಯಾರೂ ತಮ್ಮ ಹೆಸರು ಹೇಳುವಂತಿರಲಿಲ್ಲವಂತೆ. ಜೊತೆಯವನ ಹೆಸರು ಹೇಳಬೇಕಿತ್ತಂತೆ. ಒಬ್ಬ ಬಂದನೆಂಬುದಕ್ಕೆ ಇನ್ನೊಬ್ಬನ ಬಾಯೇ ಲೆಕ್ಕ. ಮೇಷ್ಟ್ರು ಅದನ್ನು ನಮ್ಮ ಗುಂಪಿನ ಫೋಟೋ ಪ್ರದರ್ಶನಕ್ಕೆ ತಂದರು. ಚಿತ್ರ ತೆಗೆದವನು ತನ್ನ ಚಿತ್ರಕ್ಕೆ ರುಜು ಹಾಕುವಂತಿಲ್ಲ. ಕಾಡಿನಲ್ಲಿ ಜೊತೆಗಿದ್ದವನು, "ಹುಳ ಜೀವಂತವಿತ್ತು, ಮುಟ್ಟಿಲ್ಲ, ಕೂಡಿಹಾಕಿಲ್ಲ" ಎಂಬ ಚೀಟಿಗೆ ರುಜು ಹಾಕಬೇಕು. ನಾನು ಮತ್ತು ಈರಣ್ಣನವರು ಯಾವಾಗಲೂ ಜೋಡಿ.

ಏಳು ವರ್ಷದ ಹಿಂದೆ, ಆ ವರ್ಷ ನನ್ನ ಅಂಗಡಿಗೆ ಒಳ್ಳೆಯ ಕಾಲವಾಗಿರಲಿಲ್ಲ. ಎಲ್ಲರ ಕೈಗೂ ಮೊಬೈಲು ಬಂದು ಕ್ಯಾಮರಾ ಕೇಳುವವರೇ ಇರಲಿಲ್ಲ. ಹುಳದ ಫೋಟೋ ತೆಗೆಯುವುದನ್ನು ಭಾನುವಾರ ಭಾನುವಾರ ಕಲಿಸಬೇಕು, ಕಲಿಯಲು ಬಂದವರಿಗೆ ಲೆನ್ಸ್ ಬಾಡಿಗೆಗೆ ಕೊಡಬೇಕು ಅಂತ ಲೆಕ್ಕ ಹಾಕಿದ್ದೆ. ಅದಕ್ಕೆ ಅಂಗಡಿಯ ಬಾಗಿಲಲ್ಲಿ ತೂಗುಹಾಕಲು ನನ್ನದೇ ಒಂದು ಚಿತ್ರ ಬೇಕಿತ್ತು. ದಾರಿಯಲ್ಲಿ ಹೋಗುವವನು ನಿಂತು ನೋಡುವಂಥದ್ದು. ಇದನ್ನು ಸಮರ್ಥನೆ ಎಂದು ಬರೆಯುತ್ತಿಲ್ಲ. ಆಗ ತಲೆಯಲ್ಲಿ ಏನಿತ್ತು ಎಂದು ಬರೆಯುತ್ತಿದ್ದೇನೆ, ಅಷ್ಟೇ.

ಆ ಸಲ ಘಟ್ಟದ ಕಾಡಿನ ಅಂಚಿನ ಡಾರ್ಮಿಟರಿಯಲ್ಲಿ ಮೂರು ದಿನ ಇದ್ದೆವು. ಈರಣ್ಣನವರಿಗೆ ಸಕ್ಕರೆ ಕಾಯಿಲೆ. ಕೈಯಗಲದ ಒಂದು ನೀಲಿ ಡಬ್ಬಿ ಸದಾ ಅವರ ಹೆಗಲ ಚೀಲದಲ್ಲಿ. ಎರಡು ಐಸ್ ಪ್ಯಾಕಿನ ನಡುವೆ ಇನ್ಸುಲಿನ್. ದಿನಾ ಬೆಳಿಗ್ಗೆ ಚೆಕ್‌ಪೋಸ್ಟ್ ಹತ್ತಿರದ ಹೋಟೆಲಿನ ಫ್ರಿಜ್‌ನಲ್ಲಿ ಪ್ಯಾಕು ಬದಲಿಸಿಕೊಂಡು ಬರುತ್ತಿದ್ದರು. ಕಾಡಿನೊಳಗೆ ನಮ್ಮಲ್ಲಿ ಇನ್ಯಾರ ಹತ್ತಿರವೂ ತಣ್ಣಗಿನ ವಸ್ತುವೇ ಇರಲಿಲ್ಲ.

ಮೂರನೇ ದಿನ ಮಧ್ಯಾಹ್ನ, ಜಿನುಗುಮಳೆ. ಒಂದು ಪೊದೆಯ ತುಂಬ ಉಗುರಿನಷ್ಟು ದೊಡ್ಡ ಹುಳಗಳು — ಹಸಿರೂ ಅಲ್ಲ, ನೀಲಿಯೂ ಅಲ್ಲ, ತಲೆ ಆಡಿಸಿದರೆ ಬಣ್ಣ ಬದಲಾಗುತ್ತಿತ್ತು. ಬೆನ್ನಿನ ಮೇಲೆ ಕುಂಚದಲ್ಲಿ ಇಟ್ಟಂಥ ಕಪ್ಪು ಚುಕ್ಕೆಗಳು. ತಿಗಣೆಯ ಜಾತಿಯದಂತೆ, ನೋಡಿದರೆ ಯಾರೂ ನಂಬುವುದಿಲ್ಲ. ನಾನು ನೂರಕ್ಕೂ ಹೆಚ್ಚು ಸಲ ಹೊಡೆದೆ. ಎಲ್ಲವೂ ಮಸುಕು. ಹುಳ ಒಂದೇ ಸಮನೆ ನಡೆಯುತ್ತಿತ್ತು.

"ಹೋಗ್ಲಿ ಬಿಡ್ರೀ, ನಾಳೆ ನಸಿಕಿಲೆ ಬರೂಣು. ಈಗ ಅದು ಅಡ್ಡಾಡೂ ಹೊತ್ತು" ಎಂದರು ಈರಣ್ಣ.

"ನಾಳೆ ಬೆಳಿಗ್ಗೆ ಬಸ್ಸಿದೆ ಸಾರ್."

"ಅಂದ್ರ ಕೂಡ್ರಿ. ನಾವು ಕಾಯಬೇಕು. ಅದೇನು ನಮ್ಮ ಸಲುವಾಗಿ ನಿಂದರತೈತೇನು?" ಎಂದು ನಕ್ಕು, ಚೀಲವನ್ನು ನನ್ನ ಕಾಲ ಬಳಿ ಇಟ್ಟು, ಹತ್ತು ಹೆಜ್ಜೆ ಆಚೆ ಇನ್ನೊಂದು ಹುಳದ ಎದುರು ಒದ್ದೆ ಎಲೆಗಳ ಮೇಲೆ ಬೋರಲು ಮಲಗಿದರು. ಬೆನ್ನು ನನ್ನ ಕಡೆಗೆ. ರಕ್ತ ಹೀರುವ ಇಂಬಳ ಹತ್ತಿದರೂ ಏಳುವವರಲ್ಲ.

ನಮ್ಮೂರು ಬೇತಮಂಗಲದ ಹತ್ತಿರ. ಹಸು ಕಟ್ಟಿದ ಮನೆ ನಮ್ಮದು. ಡೇರಿಯಲ್ಲಿ ಹಾಲು ತಣ್ಣಗಿಡುವ ದೊಡ್ಡ ಸ್ಟೀಲ್ ತೊಟ್ಟಿ ಇತ್ತು. ಅದರ ಮುಚ್ಚಳದ ಮೇಲೆ ಕೂತ ನೊಣಗಳು ಸತ್ತ ಹಾಗೆ ಅಂಟಿಕೊಳ್ಳುತ್ತಿದ್ದವು. ಗುಡಿಸಿ ಬಿಸಿಲಿಗೆ ಹಾಕಿದರೆ ಎರಡು ನಿಮಿಷಕ್ಕೆ ಎದ್ದು ಹಾರುತ್ತಿದ್ದವು. ಹಾಲು ಹಾಕಲು ಹೋದಾಗಲೆಲ್ಲ ಅದನ್ನು ನೋಡುತ್ತ ನಿಲ್ಲುತ್ತಿದ್ದೆ. ಆ ನೆನಪು ಆ ಹೊತ್ತಿನಲ್ಲಿ ಬಂತು. ಬರಬಾರದಿತ್ತು ಎನ್ನಲಾರೆ, ನೆನಪು ಬಂದದ್ದು ತಪ್ಪಲ್ಲ. ಕೈ ಚೀಲಕ್ಕೆ ಹೋದದ್ದು —

ಹುಳವನ್ನು ಎಲೆಯ ಚೂರಿನಲ್ಲಿ ಸುತ್ತಿ ಡಬ್ಬಿಯೊಳಗಿಟ್ಟೆ, ಅವರ ಔಷಧಿಯ ಪಕ್ಕದಲ್ಲಿ. ಸ್ವಲ್ಪ ಹೊತ್ತಿನ ಮೇಲೆ ತೆಗೆದು ಪೊದೆಯ ಎಲೆಯ ಮೇಲೆ ಕೂರಿಸಿದೆ. ಗುಂಡಿ ಒತ್ತುವಷ್ಟರಲ್ಲಿ ಮೀಸೆ ಆಡಿಸಿತು. ಮತ್ತೆ ಇಟ್ಟೆ. ಈ ಸಲ ಅವಸರದಲ್ಲಿ ಮುಚ್ಚಳ ಅದರ ಕಾಲಿನ ಮೇಲೆ ಬಿತ್ತು. ಬಿದ್ದದ್ದು ಗೊತ್ತಾಯಿತು, ತೆರೆದು ನೋಡಲಿಲ್ಲ. ತುಂಬ ಹೊತ್ತು ಬಿಟ್ಟೆ. ತೆಗೆದು ಕೂರಿಸಿದಾಗ ಅದು ಹರಳಿನ ಹಾಗೆ ಅಲ್ಲಾಡದೆ ಕೂತಿತ್ತು. ಬೆನ್ನಿನ ಮೇಲೆ ಸಣ್ಣಗೆ ಹನಿಗಟ್ಟುತ್ತಿತ್ತು. ಮೂರು ಸೆಕೆಂಡು ಶಟರ್ ತೆರೆದಿಟ್ಟೆ. ಅಂಥ ಚಿತ್ರವನ್ನು ನಾನು ಅದಕ್ಕೆ ಮುಂಚೆ ತೆಗೆದಿರಲಿಲ್ಲ, ಆಮೇಲೂ ತೆಗೆದಿಲ್ಲ.

ಆಮೇಲೆ ಅದು ಏಳಲೆಂದು ಕಾದೆ. ಅಂಗೈ ಮೇಲಿಟ್ಟು ಬಾಯಿಂದ ಬಿಸಿ ಊದಿದೆ. ಏಳಲಿಲ್ಲ. ಎಲೆಗಳ ಸಂದಿಗೆ ಹಾಕಿ ಕಾಲಿನಿಂದ ಮುಚ್ಚಿದೆ.

ಈರಣ್ಣ ಎದ್ದು ಬಂದಾಗ ಮೊಣಕೈ ಎಲ್ಲ ಕೆಸರು, ಕಣಕಾಲಲ್ಲಿ ರಕ್ತ. ಮುಖ ಮಾತ್ರ ಹಬ್ಬ. "ಸಿಕ್ತ್ರೀ! ಒಂದು ಅರಗಳಿಗಿ ನಿಂತು ನನ್ನ ಕಡೆ ನೋಡ್ತು ನೋಡ್ರಿ, ಯಾರಿವ ಅಂತ." ನನ್ನದನ್ನು ಕ್ಯಾಮರಾದ ಹಿಂದಿನ ಪರದೆಯಲ್ಲಿ ತೋರಿಸಿದೆ. ಬಹಳ ಹೊತ್ತು ನೋಡಿದರು. "ನನ್ನಕ್ಕಿಂತ ನಿಮ್ಮದು ಚಲೋ ಬಂದೈತ್ರೀ ಸೊಣ್ಣಪ್ಪ" ಎಂದರು. ಆ ದಿನವೇ ನನ್ನ ಚೀಟಿಗೆ ರುಜು ಹಾಕಿದರು. ಹುಳ ಜೀವಂತವಿತ್ತು, ಮುಟ್ಟಿಲ್ಲ, ಕೂಡಿಹಾಕಿಲ್ಲ. ಅವರು ನೋಡಿರಲಿಲ್ಲ. ನನ್ನನ್ನು ನೋಡಿದ್ದರು, ಸಾಕೆನಿಸಿತ್ತು.

ಪ್ರದರ್ಶನದಲ್ಲಿ ಎರಡೂ ಚಿತ್ರಗಳನ್ನು ಅಕ್ಕಪಕ್ಕ ತೂಗುಹಾಕಿದರು. ಒಂದೇ ಜಾತಿಯ ಹುಳ, ಒಂದೇ ದಿನ. ಜನ ನನ್ನದರ ಮುಂದೆ ನಿಂತರು. ಅಷ್ಟರಲ್ಲಿ ನೋಡಲು ಬಂದಿದ್ದ ಒಬ್ಬ ಪ್ರಾಣಿಶಾಸ್ತ್ರದ ಮೇಡಂ ನನ್ನ ಚಿತ್ರದ ಹತ್ತಿರ ಮೂಗಿಟ್ಟು ನೋಡಿ, ಮೇಷ್ಟ್ರನ್ನು ಕರೆದು ಮೆಲ್ಲಗೆ ಹೇಳಿದರು: ಕಾಲೆಲ್ಲ ಹೊಟ್ಟೆಯಡಿ ಮಡಚಿದೆ, ಹುಳದ ಮೇಲೆ ಹನಿಯಿದೆ, ಎಲೆಯ ಮೇಲೆ ಇಲ್ಲ, ಇದನ್ನು ಐಸ್‌ನಿಂದ ತೆಗೆದು ಕೂರಿಸಿದ್ದಾರೆ.

ಮೇಷ್ಟ್ರು ನಮ್ಮಿಬ್ಬರನ್ನೂ ಕರೆದರು. ಸುತ್ತ ಹತ್ತು ಹನ್ನೆರಡು ಜನ. ಕಾರ್ಖಾನೆಯವರೂ ಇದ್ದರು.

"ಏನಪ್ಪ ಸೊಣ್ಣಪ್ಪ, ಮೇಡಮ್ಮು ಈಗಂತಾವ್ರೆ. ಏನಿದು?"

ಅಂಗಡಿಯಲ್ಲಿ ಕೂತು ನಾನು ಕಲಿತದ್ದು ಒಂದೇ ವಿದ್ಯೆ. ಹಳೇ ಕ್ಯಾಮರಾ ಮಾರುವಾಗ ಸುಳ್ಳು ಹೇಳಬಾರದು. ಹೇಳಿದರೆ ಗಿರಾಕಿ ವಾಪಸು ಬಂದು ಕೊರಳಪಟ್ಟಿ ಹಿಡಿಯುತ್ತಾನೆ. ನಿಜವನ್ನೇ ಹೇಳಬೇಕು, ಯಾವ ನಿಜವನ್ನು ಮುಂದಿಡಬೇಕೆಂದು ಗೊತ್ತಿರಬೇಕು. ನಾಲಿಗೆ ತಾನಾಗಿಯೇ ಆ ಕೆಲಸ ಮಾಡಿತು.

"ನಾನು ಎಲೆ ಮೇಲಿದ್ದ ಉಳಾನ ತೆಗ್ದೆ ಸಾರ್. ಐಸು ಇದ್ದಿದ್ದು ಈರಣ್ಣೋರ ಡಬ್ಬೀಲಿ ಮಾತ್ರ."

ಅಷ್ಟೇ. ಹನ್ನೊಂದೇ ಪದ. ಎರಡೂ ವಾಕ್ಯ ನಿಜ. ಎಲ್ಲರ ತಲೆಯೂ ಒಟ್ಟಿಗೆ ಈರಣ್ಣನವರ ಕಡೆ ತಿರುಗಿತು. ಅವರೇ ಹುಳವನ್ನು ತಣ್ಣಗೆ ಮಾಡಿ ಎಲೆಯ ಮೇಲಿಟ್ಟು ತಮ್ಮ ಚಿತ್ರ ತೆಗೆದರು, ಗೊತ್ತಿಲ್ಲದೆ ಅದನ್ನೇ ನಾನೂ ತೆಗೆದೆ — ಕಥೆ ತಾನಾಗಿಯೇ ಕಟ್ಟಿಕೊಂಡಿತು. ನಾನು ಕಟ್ಟಲೂ ಬೇಕಾಗಲಿಲ್ಲ.

ಈರಣ್ಣ ಇಲ್ಲವೆಂದು ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಏನಾಗುತ್ತಿತ್ತೋ… ನಾನು ಸೋಲುತ್ತಿದ್ದೆನೇನೋ. ಅವರು ಕೂಗಾಡಲಿಲ್ಲ. ನೆಲ ನೋಡುತ್ತ, "ನಾ ಏನೂ ಇಟ್ಟಿಲ್ರೀ. ಆದ್ರ… ಊರಿಗೆ ಬಂದ ಮ್ಯಾಲೆ ಡಬ್ಬಿ ತೊಳಿಯೂ ಮುಂದ ಒಂದು ಹುಳದ ಕಾಲು ಸಿಕ್ಕಿತ್ತು ನನಗ" ಎಂದರು.

ಯಾರೂ ಕೇಳಿರಲಿಲ್ಲ. ಅವರೇ ಹೇಳಿದರು. ಗೊತ್ತಿದ್ದದ್ದನ್ನು ಬಚ್ಚಿಡಬಾರದೆಂದು ಹೇಳಿದರು. ಎರಡೂ ಚಿತ್ರ ಗೋಡೆಯಿಂದ ಇಳಿದವು. ನನ್ನ ಬೆನ್ನು ತಟ್ಟಿ "ನಿನ್ನ ತಪ್ಪೇನಿಲ್ಲ ಬಿಡಪ್ಪ" ಎಂದವರು ನಾಲ್ವರು.

ಗುಂಪಿನಿಂದ ಅವರನ್ನು ಯಾರೂ ತೆಗೆಯಲಿಲ್ಲ. ಅವರೇ ಬರುವುದನ್ನು ಬಿಟ್ಟರು. ಕಾರ್ಖಾನೆಯ ಬಸ್ಸಿನಲ್ಲಿ ಅವರಿಗೆ ಹೊಸ ಹೆಸರು ಬಿತ್ತು. "ಏನ್ ಐಸ್‌ಕ್ಯಾಂಡಿ ಈರಣ್ಣ, ಇವತ್ತು ಡಬ್ಬೀಲಿ ಜಿರಲೇನಾ, ಮಿಡತೇನಾ?" ಎಂದು ಹುಡುಗಾಟಕ್ಕೆ ಕೇಳುತ್ತಿದ್ದರಂತೆ. ಇದನ್ನು ನನಗೆ ಹೇಳಿದವನು ನಗುತ್ತಲೇ ಹೇಳಿದ. ನಾನೂ ನಕ್ಕೆ. ಆಮೇಲೆ ಅವರು ಡಬ್ಬಿಯನ್ನು ಕೆಲಸಕ್ಕೆ ತರುವುದನ್ನೇ ನಿಲ್ಲಿಸಿ, ಮಧ್ಯಾಹ್ನದ ಇಂಜೆಕ್ಷನ್ನಿಗೆ ಸೈಕಲ್ ತುಳಿದು ಕ್ವಾರ್ಟರ್ಸಿಗೆ ಹೋಗಿ ಬರುತ್ತಿದ್ದರೆಂದು ಕೇಳಿದೆ. ಆ ಬಿಸಿಲಿನಲ್ಲಿ.

ನಿವೃತ್ತಿಯ ತಿಂಗಳು ಅವರು ನನ್ನ ಅಂಗಡಿಗೆ ಬಂದರು. ಲೆನ್ಸ್ ಮಾರಬೇಕಿತ್ತು. ಬೇರೆ ಅಂಗಡಿಗೆ ಹೋಗಬಹುದಿತ್ತು; ನನ್ನಲ್ಲಿಗೇ ಬಂದರು. ಕೌಂಟರಿನ ಮೇಲೆ ಇಟ್ಟು, "ನಿಮ್ಮ ಮ್ಯಾಲೆ ನನಗೇನೂ ಇಲ್ರೀ. ನೀವು ಇದ್ದದ್ದು ಹೇಳಿದ್ರಿ. ಡಬ್ಬಿಯೊಳಗ ಕಾಲು ಇತ್ತಲ್ಲ? ನಾನಽ ಮುಚ್ಚಳ ಬರೋಬ್ಬರಿ ಹಾಕಿರಲಿಲ್ಲೇನೋ. ಹೊಕ್ಕಿರಬೇಕು. ಆದ್ರ ಅದು ಹೊರಗ ಬಂದು ಎಲಿ ಮ್ಯಾಲೆ ಹೆಂಗ ಕುಂತಿತ್ತೋ, ತಿಳೀವಲ್ತು" ಎಂದರು.

ಆ ಕ್ಷಣದಲ್ಲಿ ಹೇಳಬಹುದಿತ್ತು. ಅಂಗಡಿಯಲ್ಲಿ ಇನ್ಯಾರೂ ಇರಲಿಲ್ಲ. ಬಾಯಿ ತೆರೆದದ್ದೂ ನೆನಪಿದೆ. ನಾನು ಮಾಡಿದ್ದೇನು ಗೊತ್ತೇ? ಟಾರ್ಚು ತೆಗೆದು ಲೆನ್ಸಿನೊಳಗೆ ಬಿಟ್ಟು, "ಸ್ವಲ್ಪ ಫಂಗಸ್ ಬಂದೈತೆ ಸಾರ್" ಎಂದೆ. ಬಂದಿತ್ತು. ಅದೂ ನಿಜವೇ. ಬೆಲೆ ಇಳಿಸಿದೆ. ನಾನು ಕೊಟ್ಟ ದುಡ್ಡು ತೆಗೆದುಕೊಂಡು ಹೋದರು. ಯಾಕೆ ಹಾಗೆ ಮಾಡಿದೆ — ಇವತ್ತಿಗೂ ನನಗೆ ಹೊಳೆದಿಲ್ಲ. ಕೈಗೆ ಅಭ್ಯಾಸವಾಗಿತ್ತು ಅಂತ ಒಮ್ಮೊಮ್ಮೆ ಅಂದುಕೊಳ್ಳುತ್ತೇನೆ. ಅದು ಉತ್ತರವಲ್ಲ.

ಭಾನುವಾರದ ಕ್ಲಾಸು ನಡೆಯಿತು. ಚೆನ್ನಾಗಿಯೇ ನಡೆಯಿತು. ಹುಳವನ್ನು ಮುಟ್ಟಬೇಡಿ, ಕಾಯಿರಿ ಎಂದು ಎಷ್ಟೋ ಜನಕ್ಕೆ ಹೇಳಿಕೊಟ್ಟೆ. ಪ್ರತಿ ಸಲ ಹೇಳಿದಾಗಲೂ ಮೈ ಸ್ವಲ್ಪ ಸ್ವಲ್ಪ ಭಾರವಾಗುತ್ತಿತ್ತು. ಹೆದರಿಕೆಯಲ್ಲ, ನಾಚಿಕೆಯೂ ಅಲ್ಲ. ಇಳಿಸಲಾಗದ ಮೂಟೆ ಹೊತ್ತು ಸರದಿಯಲ್ಲಿ ನಿಂತ ಹಾಗೆ. ಈ ಲೇಖನದ ಮೊದಲ ಪುಟ ಬರೆದು ನಿಲ್ಲಿಸಿದ ಮರುದಿನ ಮೇಷ್ಟ್ರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

ಮೇಷ್ಟ್ರು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡರು. "ನಮ್ಮಪ್ಪನ ಕಾಲದಾಗೆ ನೀನು ಗಣೀಲಿದ್ದಿದ್ರೆ, ಜೊತೆಗಿರೋನು ಕೆಳಗೇ ಉಳಿದೋಗ್ತಿದ್ದ ಕಣ್ಲಾ" ಎಂದರು.  ಕನ್ನಡಕ ಮತ್ತೆ ಹಾಕಿಕೊಂಡು, "ಸಂಚಿಕೇಲಿ ಅವರ ಚಿತ್ರ ಪೂರ್ತಿ ಪುಟಕ್ಕೆ ಹಾಕಾಣ. ಇಸ್ಕೊಂಡು ಬಾ" ಎಂದರು.

ನನಗೆ ಹಗುರವೆನಿಸಿತು. ಸುಳ್ಳೇಕೆ ಹೇಳಲಿ — ವ್ಯವಹಾರ ಕುದುರಿತು ಎನ್ನಿಸಿತು. ಕಿತ್ತುಕೊಂಡದ್ದನ್ನು ವಾಪಸು ಕೊಟ್ಟರೆ ಮುಗಿಯಿತು ಎಂದುಕೊಂಡು ಈರಣ್ಣನವರ ಊರಿಗೆ ಫೋನ್ ಮಾಡಿದೆ.

"ಯಾರ್ರೀ?"

"ನಾನು ಸಾರ್, ಸೊಣ್ಣಪ್ಪ. ಬಂಗಾರಪೇಟೆ."

"ಓಹೋ! ಆರಾಮ ಅದೀರೇನ್ರೀ?"

ಆ ದನಿಯಲ್ಲಿ ಸಂತೋಷವಿತ್ತು. ಅದನ್ನು ಕೇಳಿಯೂ ಹೇಳಿದೆ. ನಿಲ್ಲಿಸಿದರೆ ಮತ್ತೆ ಹೇಳಲಾರೆನೆಂದು ಒಂದೇ ಉಸಿರಿಗೆ ಹೇಳಿದೆ. ಅವರ ಮನೆಯಲ್ಲಿ ಕುಕ್ಕರ್ ಕೂಗಿದ್ದು ಕೇಳಿಸಿತು. ಯಾರೋ ಅದನ್ನು ಇಳಿಸಿದ್ದೂ ಕೇಳಿಸಿತು.

"ಅಂದ್ರ," ಎಂದರು ಕೊನೆಗೆ, "ನಾ ಮುಚ್ಚಳ ಬರೋಬ್ಬರಿ ಹಾಕಿದ್ದೆ."

"ಹಾಕಿದ್ರಿ ಸಾರ್."

"ಏಳು ವರ್ಷ ಆತು. ದಿನಾ ಇಂಜೆಕ್ಷನ್ ತಗೊಂಡ ಮ್ಯಾಲೆ ಆ ಮುಚ್ಚಳ ಎರಡೆರಡು ಸರ್ತಿ ಒತ್ತಿ ನೋಡ್ತೀನಿ. ಮನ್ಯಾಗ ಎಲ್ಲಾರೂ ನಗ್ತಾರ. ನಿಮಗ ಗೊತ್ತೈತೇನು ಅದು?"

 ಕೊಡಲು ನನ್ನಲ್ಲಿ ಇದ್ದದ್ದೊಂದನ್ನೇ ಹೇಳಿದೆ: ಸಂಚಿಕೆಯಲ್ಲಿ ನಿಮ್ಮ ಚಿತ್ರ ಪೂರ್ತಿ ಪುಟಕ್ಕೆ ಬರುತ್ತದೆ, ಆ ಹುಳದ್ದು, ಅದರ ಫೈಲು ಕಳಿಸಿ ಎಂದೆ.

ಅವರು ನಕ್ಕರು. ಅಂಥ ನಗುವನ್ನು ಅವರಿಂದ ನಾನು ಕೇಳಿರಲಿಲ್ಲ. "ಯಾವ ಫೋಟೋ? ಎಲ್ಲಾ ಅಳಿಸಿ ಹಾಕೀನಿ. ಯಾರೂ ನಂಬಲಾರದ್ದು ಇಟ್ಕೊಂಡು ಏನ್ ಮಾಡ್ಲಿ? ಹಾರ್ಡ್ ಡಿಸ್ಕಿನ್ಯಾಗ ಈಗ ಮೊಮ್ಮಗಳ ಕಾರ್ಟೂನ್ ಅದಾವು." ಆಮೇಲೆ, "ಇನ್ನ ಫೋನ್ ಮಾಡಬ್ಯಾಡ್ರಿ. ಸಿಟ್ಟೇನೂ ಇಲ್ಲ… ಅಲ್ಲ, ಐತಿ. ಐತಿ. ಮಾಡಬ್ಯಾಡ್ರಿ" ಎಂದು ಇಟ್ಟರು.

ಅವರ ಹನ್ನೊಂದು ವರ್ಷದ ಕೆಲಸ ಹಾಗೆ ಅಳಿಸಿಹೋಗಿತ್ತು. ಪೂರ್ತಿ ಪುಟ ಖಾಲಿ ಇದೆ ಎಂದು ಮೇಷ್ಟ್ರಿಗೆ ಹೇಳಿದೆ. ಅವರು ಯೋಚಿಸಿ ಒಂದು ಮಾತು ಹೇಳಿದರು. ಕಾರ್ಖಾನೆಯಲ್ಲಿ ಯಾರಾದರೂ ನಿವೃತ್ತರಾದರೆ, ಯಾರ ಮನೆಯಲ್ಲಾದರೂ ಗೃಹಪ್ರವೇಶವಾದರೆ, ಈರಣ್ಣ ತಾವು ತೆಗೆದ ಹುಳದ ಚಿತ್ರಕ್ಕೆ ಕಟ್ಟು ಹಾಕಿಸಿ ಕೊಡುತ್ತಿದ್ದರಂತೆ. ನನಗದು ಗೊತ್ತೇ ಇರಲಿಲ್ಲ. ಯಾರ್ಯಾರ ಮನೆಯಲ್ಲಿ ಇದ್ದೀತೆಂದು ಮೇಷ್ಟ್ರು ನೆನೆದು ನೆನೆದು ಒಂದು ಚೀಟಿ ಬರೆದುಕೊಟ್ಟರು.

ಈಗ ಭಾನುವಾರದ ಕ್ಲಾಸು ನಿಲ್ಲಿಸಿದ್ದೇನೆ. ಮನೆ ಮನೆಗೆ ಹೋಗುತ್ತೇನೆ. ಕ್ವಾರ್ಟರ್ಸಿನಲ್ಲಿ ಎರಡು ಸಿಕ್ಕವು, ಕೋರಮಂಡಲಿನ ಒಂದು ಟೀ ಅಂಗಡಿಯಲ್ಲಿ ಹೊಗೆ ಹಿಡಿದ ಒಂದು. ಆ ಹಸಿರು ಹುಳ ಇನ್ನೂ ಸಿಕ್ಕಿಲ್ಲ. ಸಿಗುವುದೆಂಬ ಭರವಸೆಯೂ ಇಲ್ಲ.

ಹೋದ ವಾರ ನಂದಿದುರ್ಗದಲ್ಲಿ ಗಣಿ ಕೆಲಸದವರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳ ಕಡೆ ಹೋಗಿದ್ದೆ. ಸೆಲ್ವಿಯಮ್ಮ ಎಂಬ ಹೆಂಗಸು ಬಾಗಿಲು ತೆರೆದರು. ಅವರ ಗಂಡ ಈರಣ್ಣನವರ ಜೊತೆ ಅದೇ ವರ್ಕ್‌ಶಾಪಿನಲ್ಲಿದ್ದವರು, ಈಗಿಲ್ಲ. ವಿಷಯ ಹೇಳಿದಾಗ ಒಳಗೆ ಕರೆದುಕೊಂಡು ಹೋಗಿ ಅಡುಗೆ ಮನೆಯ ಬಾಗಿಲನ್ನು ಸರಿಸಿದರು. ಬಾಗಿಲ ಹಿಂದಿನ ಗೋಡೆಯಲ್ಲಿ, ಮೊರದ ಪಕ್ಕದಲ್ಲಿ, ಕೆಂಪು ಹುಳವೊಂದು ಎಲೆಯ ಅಂಚನ್ನು ಹಿಡಿದು ಇಣುಕುತ್ತಿತ್ತು.

"ಕೇಳಿದ್ರೂ ಕೊಡಲ್ಲಪ್ಪಾ. ನಮ್ಮ ಮನೆಯೋರು ರಿಟೈರ್ ಆದಾಗ ಕೊಟ್ಟಿದ್ದು."

"ಬೇಡಮ್ಮ. ಗೋಡೆ ಮೇಲಿದ್ದಂಗೇ ಒಂದು ಫೋಟೋ ತಕ್ಕೊಂಡು ಓಗ್ತೀನಿ."

"ಇದನ್ನ ಫೋಟೋ ತೆಗೆದು ಏನು ಮಾಡ್ತೀಯಾ? ಐಸಲ್ಲಿ ಇಟ್ಟು ಸಾಯಿಸಿದ್ದು ತಾನೇ ಇದು? ಮೊದಲು ಮುಂದಿನ ರೂಮಲ್ಲಿತ್ತು. ಆ ಸುದ್ದಿ ಬಂದ ಮೇಲೆ ನಮ್ಮ ಮನೆಯೋರೇ, ಚ್ಚೀ, ಪಾವಂ, ಪಾಪದ ಹುಳ ಅಂತ ತೆಗ್ದು ಇಲ್ಲಿ ಹಾಕಿದ್ರು."

"ಅಲ್ಲಮ್ಮ," ಎಂದೆ. "ಇದು ಜೀವ ಇದ್ದಿದ್ದು. ಅವರು ಯಾವತ್ತೂ ಒಂದು ಉಳಾನೂ ಮುಟ್ಟಿದೋರಲ್ಲ. ಐಸಲ್ಲಿಟ್ಟು ಸಾಯಿಸಿದ್ದು ನಾನು. ಅವರ ಮೇಲೆ ಆಕಿದ್ದೂ ನಾನೇ."

ಇದಕ್ಕೆ ಮುಂಚೆ ಮೂರು ಕಡೆ ಇದನ್ನೇ ಹೇಳಿದ್ದೆ. ಹೇಳಿ ಹೇಳಿ ಸಲೀಸಾಗುತ್ತದೆ ಎಂದುಕೊಂಡಿದ್ದೆ, ಆಗಿಲ್ಲ.

ಸೆಲ್ವಿಯಮ್ಮ ನನ್ನ ಮುಖವನ್ನೇ ನೋಡಿದರು. "ನೀನಾ?" ಎಂದರು.  ಚಿತ್ರವನ್ನು ಮೊಳೆಯಿಂದ ತೆಗೆದು, ಗಾಜನ್ನು ಸೆರಗಿನಿಂದ ಎರಡೂ ಕಡೆ ಒರೆಸಿ, ಮುಂದಿನ ರೂಮಿಗೆ ತಂದರು. ಟಿವಿಯ ಮೇಲಿದ್ದ ಕ್ಯಾಲೆಂಡರನ್ನು ಕಿತ್ತು ಆ ಜಾಗದಲ್ಲಿ ತೂಗುಹಾಕಿದರು. ಕೊಂಚ ವಾಲಿತ್ತು, ಸರಿ ಮಾಡಿದರು. ಗಂಡನ ಫೋಟೋದ ಕಡೆ ತಿರುಗಿ ತಮಿಳಿನಲ್ಲಿ ಏನೋ ಮೆಲ್ಲಗೆ ಹೇಳಿದರು.

ನನಗೆ ಕೂರು ಎನ್ನಲಿಲ್ಲ. ನಿಂತೇ ಫೋಟೋ ತೆಗೆದುಕೊಂಡೆ. ಲೈನ್ ಮನೆಯ ಒಳಗೆ ಬೆಳಕು ಕಡಿಮೆಯಿತ್ತು. ಮೊದಲ ಎರಡು ಮಸುಕಾದವು, ಮೂರನೆಯದು ನಿಂತಿತು.

ಹೊರಗೆ ಬಂದು ಮೇಷ್ಟ್ರ ಚೀಟಿಯನ್ನು ಬಿಚ್ಚಿದೆ. ಅದೇ ಸಾಲಿನಲ್ಲಿ, ನಲ್ಲಿಯಾಚೆ, ಇನ್ನೊಂದು ಮನೆಯಿತ್ತು. ಹೋಗಿ ಬಾಗಿಲು ತಟ್ಟಿದೆ.